ಮಣ್ಣು, ಜೀವ, ನಾವು

'ಹ್ವಾದ ಜಲ್ಮದಾಗ ಪಾಪ ಮಾಡೀರಿ, ಅದಕ್ಕ ಈ ಕೇರ್ಯಾಗ ಹುಟ್ಟೀರಿ.' ಔರಾದದ ಹಳ್ಳಿಗಳಲ್ಲಿ, ಭಾಲ್ಕಿಯ ಸಂತೆಯಲ್ಲಿ ನಮ್ಮ ಅವ್ವ-ಅಪ್ಪಂದಿರು ಕೇಳಿಕೊಂಡು ಬಂದ ಮಾತಿದು. ಈ ಮಾತಿಗೆ ಕಾಲು ಬರಬೇಕಾದರೆ ಒಂದು ಆತ್ಮ ಬೇಕು; ಅದು ಪಾಪದ ಗಂಟು ಹೊತ್ತು ಮೈಯಿಂದ ಮೈಗೆ ಬರಬೇಕು. ಆದ್ದರಿಂದ ಜೀವ, ಮನಸ್ಸು ಎಲ್ಲಿಂದ ಬಂದವು ಎಂಬುದು ನಮಗೆ ಪಂಡಿತರ ಹರಟೆಯಲ್ಲ.

ಬುದ್ಧನ ಕಾಲದ ಅಜಿತ ಕೇಶಕಂಬಲಿ, ಮನುಷ್ಯ ಮಣ್ಣು, ನೀರು, ಬೆಂಕಿ, ಗಾಳಿಗಳಿಂದಾದವನು, ಸತ್ತ ಮೇಲೆ ಅವು ಅವಕ್ಕೇ ಸೇರುತ್ತವೆ ಎಂದ. ಹೆಂಡದ ಸರಕಿನಲ್ಲಿ ಬಿಡಿಬಿಡಿಯಾಗಿ ಅಮಲಿಲ್ಲ, ಕೂಡಿ ಹುದುಗು ಬಂದಾಗ ಹುಟ್ಟುತ್ತದೆ. ಅರಿವೂ ಹಾಗೆಯೇ ಎಂದರು ಲೋಕಾಯತರು. ಇವರ ಗ್ರಂಥಗಳು ಉಳಿಯಲಿಲ್ಲ. 14ನೇ ಶತಮಾನದ 'ಸರ್ವದರ್ಶನಸಂಗ್ರಹ'ದಂಥ ವಿರೋಧಿಗಳ ಪುಸ್ತಕಗಳಲ್ಲಿ ಮಾತ್ರ ಅವರ ಮಾತು ಉಳಿದಿದೆ. ನಮ್ಮವರ ಇತಿಹಾಸವೂ ಹೀಗೇ ಅಲ್ಲವೆ?

ಬೀದರ ಪಟ್ಟಣದ ಬಿದರಿ ಕೆಲಸಗಾರರನ್ನು ನೋಡಿ. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಕೋಟೆಯ ಹಳೆ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಪಾತ್ರೆಗೆ ಹಚ್ಚುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಬರೀ ಸತುವಿನಲ್ಲಿರಲಿಲ್ಲ, ಬರೀ ಮಣ್ಣಿನಲ್ಲೂ ಇರಲಿಲ್ಲ. ಯಾವ ದೇವರೂ ಹೊರಗಿನಿಂದ ತಂದು ಹಾಕಲಿಲ್ಲ. ಕೂಡಿದಾಗ ಬಂತು.

ಜೀವಶಕ್ತಿಯಿಲ್ಲದೆ ಜೀವಿಗಳ ವಸ್ತು ತಯಾರಾಗದು ಎಂದು ಯುರೋಪಿನವರೂ ನಂಬಿದ್ದರು. 1828ರಲ್ಲಿ ವೋಲರ್, ಮೂತ್ರದಲ್ಲಿರುವ ಯೂರಿಯಾವನ್ನು ಪ್ರಯೋಗಶಾಲೆಯಲ್ಲೇ ಮಾಡಿದ. ಭಾಲ್ಕಿಯ ಗೊಬ್ಬರದಂಗಡಿಯ ಚೀಲದಲ್ಲಿರುವುದು ಅದೇ ಯೂರಿಯಾ. ಆದಿ ಭೂಮಿಯ ಅನಿಲ, ನೀರುಗಳಿಂದಲೇ ಜೀವ ಮೂಡಿರಬೇಕು ಎಂದು 1924ರಲ್ಲಿ ರಷ್ಯಾದ ಓಪಾರಿನ್, 1929ರಲ್ಲಿ ಹಾಲ್ಡೇನ್ ಬರೆದರು. 1953ರಲ್ಲಿ ಮಿಲ್ಲರ್ ಮೀಥೇನ್, ಅಮೋನಿಯಾ, ಜಲಜನಕ, ನೀರಾವಿಗಳಲ್ಲಿ ವಿದ್ಯುತ್ ಕಿಡಿ ಹಾಯಿಸಿದಾಗ ಅಮೈನೋ ಆಮ್ಲಗಳು ಸಿಕ್ಕವು. ಇವು ಪ್ರೋಟೀನಿನ ಇಟ್ಟಿಗೆಗಳು. ಇಟ್ಟಿಗೆ ಸಿಕ್ಕಿತು, ಮನೆ ಇನ್ನೂ ಯಾರೂ ಕಟ್ಟಿಲ್ಲ. ಇದನ್ನು ನಾವು ಮುಚ್ಚಿಡಬಾರದು.

ಮನಸ್ಸಿಗೂ ನೆಲ ಮಿದುಳೇ. ತಲೆಗೆ ಪೆಟ್ಟು ಬಿದ್ದರೆ ನೆನಪು ಹೋಗಬಹುದು. ಬಸುರಿಯ ಊಟದಲ್ಲಿ ಅಯೋಡಿನ್ ತೀರಾ ಕಡಿಮೆಯಾದರೆ ಕೂಸಿನ ಬುದ್ಧಿ ಕುಂದುತ್ತದೆ. ಇದು ಕರ್ಮವಲ್ಲ, ಅಯೋಡಿನ್ ಕೊರತೆ.

1957ರಲ್ಲಿ, ಬಾಬಾಸಾಹೇಬರು ತೀರಿದ ಮೇಲೆ ಹೊರಬಂದ 'ಬುದ್ಧ ಮತ್ತು ಆತನ ಧಮ್ಮ' ಇದನ್ನೇ ಹೇಳಿತು: ಧಾತುಗಳು ಮತ್ತೆ ಕೂಡುತ್ತವೆ, ಆದರೆ ಜನ್ಮದಿಂದ ಜನ್ಮಕ್ಕೆ ಹೋಗುವ ಆತ್ಮವಿಲ್ಲ.

ಆತ್ಮವಿಲ್ಲದಿದ್ದರೆ ಪಾಪದ ಗಂಟು ಹೊರುವವರು ಯಾರು? ಕೇರಿಯಿಂದ ಮೊದಲು ಕಾಲೇಜು ಮೆಟ್ಟಿಲು ಹತ್ತಿದ ನಾವು ಈ ಪ್ರಶ್ನೆಯನ್ನು ಅವ್ವನ ಒಲೆಯ ಮುಂದೆ ಕೇಳಬೇಕು. ಮೇಷ್ಟ್ರುಗಳೇ, ನೀವು ಶಾಲೆಯಲ್ಲಿ ಕೇಳಿ.