ಮಡಿವಾಳನ ವಿದ್ಯೆ

ಕಲ್ಯಾಣವೆಂದೊಡನೆ ವಾಚಕರ ಮನಸ್ಸಿಗೆ ಚಾಲುಕ್ಯರ ರಾಜಧಾನಿಯೂ ಅನುಭವಮಂಟಪವೂ ಹೊಳೆಯುವುವು. ಅದೇ ಊರಿನಲ್ಲಿ ಮಡಿವಾಳ ಮಾಚಿದೇವರ ಹೊಂಡವೆಂದು ಹೆಸರಾದ ಜಲಾಶಯವೊಂದುಂಟು. ಹನ್ನೆರಡನೆಯ ಶತಮಾನದ ಈ ಶರಣರು ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು, ಶರಣರ ಬಟ್ಟೆಗಳನ್ನು ಶುಭ್ರಗೊಳಿಸುವುದನ್ನೇ ಕಾಯಕವಾಗಿ ಕೈಕೊಂಡರೆಂಬುದು ಪರಂಪರೆ. ಅವರ ಭಕ್ತಿಯನ್ನು ಕುರಿತು ಬರೆದವರು ಹಲವರು. ಅವರ ಕಸಬಿನಲ್ಲಿ ಅಡಗಿದ್ದ ವಿದ್ಯೆಯನ್ನು ವಿಚಾರಿಸಿದವರು ವಿರಳ.

ಈ ವಿದ್ಯೆಯು ಬಹು ಪ್ರಾಚೀನವಾದುದು. ರಜಕನು ಮರದ ಹಲಗೆಯ ಮೇಲೆ ಅಥವಾ ನುಣುಪಾದ ಶಿಲೆಯ ಮೇಲೆಯೇ ಒಗೆಯತಕ್ಕದ್ದೆಂದೂ, ತಪ್ಪಿದರೆ ಬಟ್ಟೆಯ ನಷ್ಟದೊಡನೆ ಆರು ಪಣಗಳ ದಂಡವನ್ನು ತೆರತಕ್ಕದ್ದೆಂದೂ ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸುತ್ತದೆ. ಮನುಸ್ಮೃತಿಯ ಐದನೆಯ ಅಧ್ಯಾಯವು ರೇಷ್ಮೆ ಉಣ್ಣೆಗಳಿಗೆ ಸವುಳು ಮಣ್ಣನ್ನೂ, ಆಡಿನ ರೋಮದ ಕಂಬಳಿಗೆ ಅಂಟುವಾಳವನ್ನೂ, ನಾರುಮಡಿಗೆ ಬಿಳಿಸಾಸಿವೆಯನ್ನೂ ಹೇಳುವುದು. ಕ್ಷಾರವು ಹೆಚ್ಚಾದರೆ ರೇಷ್ಮೆ ಉಣ್ಣೆಗಳಿಗೆ ಹಾನಿಯೆಂದು ಇಂದಿನ ರಸಾಯನಶಾಸ್ತ್ರವು ತೋರಿಸಿಕೊಟ್ಟಿದೆ. ಆದುದರಿಂದ ಆ ಮಾತನ್ನು ಅಕ್ಷರಶಃ ಅನುಸರಿಸುವಂತಿಲ್ಲ. ಆದರೆ ಒಂದೊಂದು ಜಾತಿಯ ಬಟ್ಟೆಗೆ ಒಂದೊಂದು ದ್ರವ್ಯವೆಂಬ ವಿವೇಕವು ಗಮನಾರ್ಹವಲ್ಲವೆ?

ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಅರಸನು ಋತುಮಾನಕ್ಕೆ ತಕ್ಕಂತೆ ಉಡತಕ್ಕ ವಸ್ತ್ರಗಳ ವರ್ಣನೆಯಿದೆ. ಆ ವಸ್ತ್ರಗಳು ಮೈಲಿಗೆಯಾದಾಗ ಯಾರ ಕೈಗೆ ಹೋಗುತ್ತಿದ್ದವೆಂಬುದನ್ನು ಹೇಳಬೇಕಾದುದಿಲ್ಲ. ಸವುಳಿನ ನೀರಿನಲ್ಲಿ ನೆನೆಯಿಸಿ, ಹಂಡೆಯ ಹಬೆಯಲ್ಲಿ ಉಬ್ಬೆ ಹಾಕುವ ಕ್ರಮವು ನಮ್ಮ ಬಾಲ್ಯದವರೆಗೂ ಕಣ್ಣೆದುರಿಗೇ ನಡೆದು ಬಂದಿತು.

ಈ ನಡುವೆ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಡ್ರೈ ಕ್ಲೀನಿಂಗ್ ಎಂಬ ಹೊಸ ಕ್ರಮವು ತಲೆದೋರಿತು. ಹೆಸರು ಶುಷ್ಕವಾದರೂ ಕ್ರಿಯೆ ಶುಷ್ಕವಲ್ಲ; ನೀರಿಗೆ ಬದಲು ಜಿಡ್ಡನ್ನು ಕರಗಿಸುವ ಬೇರೊಂದು ದ್ರವದಲ್ಲಿ ಬಟ್ಟೆಯನ್ನು ಅದ್ದುವುದಷ್ಟೆ. ಮೊದಲು ಟರ್ಪೆಂಟೈನ್ ಮೊದಲಾದ ಉರಿಯುವ ದ್ರವಗಳಿದ್ದುವು. 1930ರ ದಶಕದಿಂದ ಪರ್‌ಕ್ಲೋರೋಎಥಿಲೀನ್ ಪ್ರಬಲವಾಯಿತು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದು ಬಹುಶಃ ಮಾನವರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. 2024ರ ಡಿಸೆಂಬರಿನಲ್ಲಿ ಅಮೇರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು, ಹತ್ತು ವರ್ಷಗಳಲ್ಲಿ ಬಟ್ಟೆ ಶುದ್ಧಿಯಿಂದ ಅದನ್ನು ತೆಗೆದುಹಾಕುವ ನಿಯಮವನ್ನು ಪ್ರಕಟಿಸಿತು.

ಹಿಂದೊಮ್ಮೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಉಡಲೆಂದು ನಮ್ಮ ಮನೆಯ ಹಳೆಯ ಪೀತಾಂಬರವನ್ನು ಅಂಗಡಿಯೊಂದಕ್ಕೆ ಕೊಟ್ಟಿದ್ದೆವು. ಅದು ಮರಳಿದಾಗ ಬಂದ ಘಾಟು ವಾಸನೆಯು ಮೂರು ದಿನ ಗಾಳಿಗೆ ಹರವಿದರೂ ಹೋಗಲಿಲ್ಲ. ಅದೇ ಪೀತಾಂಬರವನ್ನು ನಮ್ಮ ತಾಯಿಯವರು ಅಂಟುವಾಳದ ನೊರೆಯಲ್ಲಿ ಮೃದುವಾಗಿ ಅದ್ದಿ, ಹಿಂಡದೆ, ನೆರಳಿನಲ್ಲಿ ಒಣಗಿಸುತ್ತಿದ್ದರು. ಆ ರೀತಿಯನ್ನು ಅವರಿಗೆ ಹೇಳಿಕೊಟ್ಟವಳು ನಮ್ಮ ಮನೆಗೆ ಬರುತ್ತಿದ್ದ ಮಡಿವಾಳಗಿತ್ತಿ.

ಈಗ ಪಾಶ್ಚಾತ್ಯರೂ ನೀರಿಗೆ ಮರಳುತ್ತಿರುವರು. 1991ರಲ್ಲಿ ಜರ್ಮನಿಯಲ್ಲಿ ಮೀಲೆ ಮತ್ತು ಕ್ರೊಯ್ಸ್ಲರ್ ಸಂಸ್ಥೆಗಳು ವೆಟ್ ಕ್ಲೀನಿಂಗ್ ಎಂಬ ಪದ್ಧತಿಯನ್ನು ಹೊರತಂದುವು. ಬಿಸಿ, ತಿಕ್ಕಾಟಗಳು ಅತಿಯಾದರೆ ಉಣ್ಣೆಯ ಎಳೆಯ ಹೊರಮೈಯ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುವುದು. ಆದುದರಿಂದ ಈ ಯಂತ್ರಗಳಲ್ಲಿ ಚಲನೆಯನ್ನೂ ಶಾಖವನ್ನೂ ಮಿತಗೊಳಿಸಿ, ಸೌಮ್ಯ ಮಾರ್ಜಕವನ್ನು ಬಳಸಿ, ತೇವವನ್ನು ಅಳೆದು ಒಣಗಿಸುವರು. ಯಂತ್ರವು ಹೊಸದು, ಬಟ್ಟೆಯ ಸ್ವಭಾವವನ್ನರಿತು ನೀರನ್ನು ಬಳಸುವ ತತ್ತ್ವವು ಹಳೆಯದು.

ಮಡಿಯನ್ನು ಉಡುವವರಿಗೆ ನಾವು ಕೊಟ್ಟ ಮರ್ಯಾದೆಯನ್ನು ಮಡಿ ಮಾಡಿಕೊಟ್ಟವರಿಗೆ ಕೊಡಲಿಲ್ಲ. ಅವರ ಮಕ್ಕಳು ಬೇರೆ ವೃತ್ತಿಗಳನ್ನು ಹಿಡಿದರೆ ಅದು ನ್ಯಾಯವೇ ಸರಿ. ಆದರೆ ಆ ವಿದ್ಯೆಯು ಬರಹಕ್ಕಿಳಿಯದೆ ಅಳಿಯಬಾರದು. ವಾಚಕರು ತಮ್ಮ ತಮ್ಮ ಊರುಗಳ ಹಿರಿಯ ಮಡಿವಾಳರ ಬಳಿ ಕುಳಿತು, ಯಾವ ಕಲೆಗೆ ಯಾವ ದ್ರವ್ಯ, ಯಾವ ಬಟ್ಟೆಗೆ ಎಷ್ಟು ಶಾಖವೆಂಬುದನ್ನು ಕೇಳಿ ಬರೆದಿಡಲಿ. ಮಾಚಿದೇವರ ಹೊಂಡಕ್ಕೆ ಕೈಮುಗಿಯುವ ನಮಗೆ ಇದೂ ಒಂದು ಕರ್ತವ್ಯವೇ ಆಗಿದೆ.