ಸತ್ತ ಮಗಳು ಮನೆಗೆ ಬಂದದ್ದು

ಅಮೆರಿಕದ ಟೋನಿ ಮಾರಿಸನ್ ಬರೆದ ‘ಬಿಲವೆಡ್’ (1987) ಕಾದಂಬರಿಯನ್ನು ನಾನು ಎರಡು ಸಲ ಅರ್ಧಕ್ಕೇ ಮುಚ್ಚಿಟ್ಟಿದ್ದೆ. ತಾಯಿಯೇ ಮಗಳನ್ನು ಕೊಲ್ಲುವ ಕತೆ ಯಾರಿಗೆ ಬೇಕು ಅನಿಸಿತ್ತು. ಅದರ ಹಿಂದಿನ ನಿಜಸಂಗತಿ ತಿಳಿದ ಮೇಲೆ ಓದಿ ಮುಗಿಸಿದೆ.

1856ರ ಜನವರಿ. ಕೆಂಟಕಿಯಲ್ಲಿ ಗುಲಾಮಳಾಗಿದ್ದ ಮಾರ್ಗರೆಟ್ ಗಾರ್ನರ್ ಗಂಡ, ಮಕ್ಕಳ ಜೊತೆ ಹೆಪ್ಪುಗಟ್ಟಿದ ಒಹಾಯೊ ನದಿ ದಾಟಿ ಸಿನ್ಸಿನಾಟಿ ಸೇರಿದಳು. ಗಡಿಯೂರಿನ ನಮಗೆ ಇದು ಬೇಗ ಅರ್ಥವಾಗುತ್ತದೆ: ಹೊಳೆಯ ಈಚೆ ಗುಲಾಮಗಿರಿ, ಆಚೆ ಇಲ್ಲ. ಆದರೆ ಓಡಿಬಂದವರನ್ನು ಹಿಡಿದೊಪ್ಪಿಸುವ 1850ರ ಕಾನೂನು ಆಚೆಗೂ ಬೆನ್ನಟ್ಟಿ ಬಂತು. ಮನೆ ಸುತ್ತುವರಿದಾಗ ಅವಳು ಎರಡು ವರ್ಷದ ಮಗಳು ಮೇರಿಯ ಕತ್ತು ಕೊಯ್ದಳು. ಆ ಬಾಳಿಗೆ ಮಕ್ಕಳನ್ನು ಮತ್ತೆ ಕೊಡಲಾರೆ ಅಂತ.

ಕೋರ್ಟಿನ ಸಂಗತಿ ಕೇಳಿ. ಗುಲಾಮಗಿರಿಯ ವಿರೋಧಿಗಳೇ ಅವಳ ಮೇಲೆ ಕೊಲೆ ಮೊಕದ್ದಮೆ ನಡೆಯಲಿ ಎಂದರು! ಕೊಲೆ ಅಂದರೆ ಸತ್ತದ್ದು ಮನುಷ್ಯರ ಕೂಸು, ಒಡೆಯನ ಸೊತ್ತಲ್ಲ, ಅಂತ ಒಪ್ಪಿದಂತೆ. ಹಾಗಾಗಲಿಲ್ಲ. ತಪ್ಪಿಸಿಕೊಂಡ ದನವನ್ನು ಒಪ್ಪಿಸಿದ ಹಾಗೆ ಅವಳನ್ನು ಒಡೆಯನಿಗೆ ಒಪ್ಪಿಸಿದರು. 1858ರಲ್ಲಿ ಟೈಫಾಯ್ಡಿನಿಂದ ತೀರಿಕೊಂಡಳು.

ಸತ್ತ ಮಗಳ ಮಾತು ಕೇಳುವ ಕೋರ್ಟು ಯಾವುದಿತ್ತು? ಮಾರಿಸನ್ ಅವಳನ್ನು ದೊಡ್ಡವಳನ್ನಾಗಿ ಮಾಡಿ ತಾಯಿಯ ಮನೆಗೇ ಕರೆತರುತ್ತಾರೆ. ಬಂದವಳು ಕ್ಷಮಿಸುವುದಿಲ್ಲ. ತಾಯಿ ತನ್ನ ಪಾಲಿನ ಊಟವನ್ನೂ ಅವಳಿಗೇ ಬಡಿಸಿ ಸೊರಗುತ್ತಾಳೆ. ಕೊನೆಗೆ ಹೊಸ್ತಿಲು ದಾಟಿ ಹೋಗಿ ಊರವರ ಹತ್ತಿರ ಕೆಲಸ ಕೇಳುವವಳು, ಉಳಿದ ಮಗಳು ಡೆನ್ವರ್.