ಐವತ್ತಾರು ಮನೆಗಳ ಬಣ್ಣದ ಪೆಟ್ಟಿಗೆ



ನವೆಂಬರ್ ಹತ್ತಿರ ಬಂತೆಂದರೆ ನಿಮ್ಮೂರಿನ ಕನ್ನಡ ಸಂಘದ ಆಹ್ವಾನ ಪತ್ರಿಕೆಗೂ ಜಮಾ-ಖರ್ಚಿನ ಪಟ್ಟಿಗೂ ಅರಿಶಿನ, ಕುಂಕುಮದ ಬಣ್ಣಗಳೇ ಬೇಕು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದ ಬಣ್ಣಗಳವು. ಆದರೆ ಕಂಪ್ಯೂಟರಿನ ಬಣ್ಣದ ಪಟ್ಟಿಯಲ್ಲಿ ‘ಅರಿಶಿನ’ ಎಂದು ಹುಡುಕಿದರೆ ಸಿಗುವುದಿಲ್ಲ. ನಾವೇ ಸೇರಿಸಿಕೊಳ್ಳಬೇಕು. ಈ ಸೇರಿಸುವ ಸೌಕರ್ಯಕ್ಕೂ ಒಂದು ಇತಿಹಾಸವಿದೆ.

ಎಕ್ಸೆಲ್ 97ರಿಂದ 2003ರವರೆಗಿನ ಆವೃತ್ತಿಗಳಲ್ಲಿ ಒಂದು ಕಡತಕ್ಕೆ ಸಿಗುತ್ತಿದ್ದುದು 56 ಬಣ್ಣ ಮಾತ್ರ. ಹೊಸದು ಬೇಕೆಂದರೆ ಹಳೆಯದೊಂದನ್ನು ಬಿಟ್ಟುಕೊಡಬೇಕಿತ್ತು. ‘ಟೂಲ್ಸ್’ನಲ್ಲಿ ‘ಆಪ್ಷನ್ಸ್’, ಅದರೊಳಗೆ ‘ಕಲರ್’, ಅಲ್ಲಿ ‘ಮಾಡಿಫೈ’ ಒತ್ತಿದರೆ ಆ ಮನೆಗೆ ನಿಮ್ಮ ಬಣ್ಣ ಬರುತ್ತಿತ್ತು. ವಿಚಿತ್ರವೆಂದರೆ, ಹಾಳೆಯ ಚೌಕ ನೆನಪಿಡುತ್ತಿದ್ದುದು ಬಣ್ಣವನ್ನಲ್ಲ, ಮನೆಯ ಸಂಖ್ಯೆಯನ್ನು! ಆ ಚೌಕವನ್ನು ಬೇರೊಂದು ಕಡತಕ್ಕೆ ನಕಲು ಮಾಡಿದರೆ, ಅಲ್ಲಿ ಅದೇ ಸಂಖ್ಯೆಯ ಮನೆಯಲ್ಲಿದ್ದ ಬಣ್ಣವೇ ಕಾಣಿಸುತ್ತಿತ್ತು. ಅರಿಶಿನ ಹೋಗಿ ಬೂದು ಬಂದರೂ ಅಚ್ಚರಿಯಿಲ್ಲ.

ಎಕ್ಸೆಲ್ 2007 ಈ ಕಟ್ಟನ್ನು ಬಿಚ್ಚಿತು. ಕೆಂಪು, ಹಸಿರು, ನೀಲಿ ಬೆಳಕುಗಳಿಗೆ 0ಯಿಂದ 255ರವರೆಗೆ ಒಂದೊಂದು ಅಳತೆ. ಮೂರನ್ನೂ ಬೆರೆಸಿದರೆ 1,67,77,216 ಬಣ್ಣಗಳು. ಮನೆಯ ಸಂಖ್ಯೆಯ ಬದಲು ಈ ಅಳತೆಯನ್ನೇ ಚೌಕ ನೆನಪಿಡತೊಡಗಿತು.

ಇನ್ನೊಂದು ದಾರಿಯೂ ಇತ್ತು. 2000ದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಆರಂಭಿಸಿದ ಓಪನ್ ಆಫೀಸ್‌ನಲ್ಲಿ ಬಣ್ಣ ಸೇರಿಸುವವರು ಅದಕ್ಕೊಂದು ಹೆಸರನ್ನೂ ಇಡಬಹುದಿತ್ತು. 2010ರಲ್ಲಿ ಅದರಿಂದ ಕವಲೊಡೆದ ಲಿಬ್ರೆ ಆಫೀಸ್‌ನಲ್ಲಿ ಇಂದಿಗೂ ಆ ಸೌಲಭ್ಯವಿದೆ. ‘ಅರಿಶಿನ’ ಎಂದು ಕನ್ನಡದಲ್ಲೇ ಬರೆದಿಡಿ, ಬೇಡವೆನ್ನುವವರಿಲ್ಲ.

ಆದರೆ ಒಂದು ಮಾತು. ನೀವಿಟ್ಟ ಹೆಸರು ಉಳಿಯುವುದು ನಿಮ್ಮ ಕಂಪ್ಯೂಟರಿನ ಪಟ್ಟಿಯಲ್ಲಿ. ಕಡತದೊಂದಿಗೆ ಪಕ್ಕದ ಮನೆಗೆ ಪಯಣಿಸುವುದು ಅಳತೆ ಮಾತ್ರ. ಪುಣೆಯಲ್ಲಿ ಒಬ್ಬರು ಕಣ್ಣಂದಾಜಿನಿಂದ ಹಳದಿ ಆರಿಸಿದರೆ, ಮುಂದಿನ ವರ್ಷ ಇನ್ನೊಬ್ಬರ ಕೈಯಲ್ಲಿ ಅದು ನಿಂಬೆಹಣ್ಣಾದೀತು, ಕಿತ್ತಳೆಯೂ ಆದೀತು. ಹತ್ತು ವರ್ಷಗಳ ಆಹ್ವಾನ ಪತ್ರಿಕೆಗಳನ್ನು ಸಾಲಾಗಿ ಇಟ್ಟರೆ ಒಂದೇ ಸಂಘದ್ದೆಂದು ಗುರುತಾಗಬೇಡವೇ?

ಆದ್ದರಿಂದ ನಿಮ್ಮ ಸಂಘ ಒಪ್ಪಿದ ಅರಿಶಿನಕ್ಕೆ ಮೂರು ಸಂಖ್ಯೆ, ಕುಂಕುಮಕ್ಕೆ ಮೂರು ಸಂಖ್ಯೆ ಬರೆದಿಡಿ. ಕಾರ್ಯದರ್ಶಿ ಬದಲಾದಾಗ ಲೆಕ್ಕದ ಪುಸ್ತಕ, ಬೀರುವಿನ ಬೀಗದ ಕೈಯೊಂದಿಗೆ ಆ ಚೀಟಿಯನ್ನೂ ಒಪ್ಪಿಸಿ.